ಚಿನ್ನಿ ಜೊತೆ ಕಾಲುವೆಯಲ್ಲಿ ಹತ್ತು ದಿನ

(ಸಾಗರದಲ್ಲಿ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಆವತ್ತು ಹೊತ್ತಾಯಿತೆಂದು ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದೋಣಿ ಪ್ರಯಾಣದ ಬಗ್ಗೆ ಮಾತಾಡಿ ಅಂತ ಕೇಳಿದಾಗ ನನಗೆ ಸಂಕೋಚ ಆಯಿತು. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನ ಹೊಳೆಬಾಗಿಲಿನ ಲಾಂಚ್ ಹತ್ತಿ ಇಳಿದೇ ದೊಡ್ಡವರಾದವರು. ನಾನೂ ಹಾಗೇ. ನಮ್ಮ ಮನೆ ಹೊಳೆಯಾಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತ ಮೇಲೆ ನಮ್ಮವರು ಸಾಗರದ ಪೇಟೆಗೆ ಬರೋದಕ್ಕೆ ಹಿನ್ನೀರು ದಾಟಬೇಕಾಯಿತು. ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ, ಎಲ್ಲ ಒಂದೇ ಲಾಂಚ್‌ನಲ್ಲಿ. ದಡದ ನಾಯಿಗಳೂ ಹತ್ತುತ್ತಿದ್ದವು. ಲಾಂಚ್ ಕಾಯುತ್ತಾ ನಿಂತರೆ ಪಕ್ಕದವರು ಕೇಳುತ್ತಿದ್ದ ಮೊದಲ ಮಾತು, "ಯಾರ ಮನೆ ಕೂಸು ನೀನು?" ಆಚೆ ದಡ ಮುಟ್ಟುವಷ್ಟರಲ್ಲಿ ಅವರು ನಮಗೆ ದೂರದ ನೆಂಟರಾಗಿರುತ್ತಿದ್ದರು.

2025ರ ಜುಲೈನಲ್ಲಿ ಸೇತುವೆ ಬಂತು. ಬಹಳ ಒಳ್ಳೆಯದಾಯಿತು. ಹೆರಿಗೆ ನೋವು ತಿನ್ನುತ್ತಾ ದಡದಲ್ಲಿ ಲಾಂಚ್ ಕಾದ ಹೆಂಗಸರನ್ನು ನಾನು ನೋಡಿದ್ದೇನೆ. ಆ ದಿನಗಳೇ ಚೆನ್ನಾಗಿದ್ದವು ಅಂತ ಹೇಳುವ ಹಕ್ಕು ಊರು ಬಿಟ್ಟು ಹೋದ ನನಗಿಲ್ಲ. ಆದರೆ ಆ ಕಾಯುವ ಹೊತ್ತಿನ ಮಾತಿತ್ತಲ್ಲ, ಅದು ನನಗೆ ಎಷ್ಟೋ ವರ್ಷದ ಮೇಲೆ ಮತ್ತೆ ಸಿಕ್ಕಿತು. ಸಿಕ್ಕಿದ್ದು ಇಂಗ್ಲೆಂಡಿನ ಒಂದು ಕಾಲುವೆಯಲ್ಲಿ. ಸಿಗುವ ಹಾಗೆ ಮಾಡಿದ್ದು ನಮ್ಮನೆ ನಾಯಿ ಚಿನ್ನಿ.

ನಾವು ಆ ದೇಶಕ್ಕೆ ಹೋಗಿ 24 ವರ್ಷ ಆಯಿತು. ನಾನು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದೆ. ಒಂದೇ ಬೀದಿಯಲ್ಲಿ 11 ವರ್ಷದಿಂದ ಇದ್ದೇವೆ. ಅಕ್ಕಪಕ್ಕದವರು ಒಳ್ಳೆಯ ಜನ. ಬೆಳಿಗ್ಗೆ ನಮಸ್ಕಾರ, ಇವತ್ತು ಮಳೆ ಬರಬಹುದು ಅನ್ನೋ ಮಾತು, ಅಷ್ಟಕ್ಕೇ ನಿಲ್ಲುತ್ತಿತ್ತು. ಅವರಿಗೆ ನಮ್ಮ ಮೇಲೆ ಅಸಡ್ಡೆ ಅಂತ ಮೊದಮೊದಲು ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು. ಅಲ್ಲಿನವರಿಗೆ ಗುರುತಿಲ್ಲದವರ ಜೊತೆ ಮಾತಾಡೋಕೆ ಒಂದು ನೆಪ ಬೇಕು. ಸುಮ್ನೆ ಸುಮ್ನೆ ಬಾಯಿ ಬಿಡುವುದು ಅವರಿಗೆ ಒಗ್ಗುವುದಿಲ್ಲ.

ಚಿನ್ನಿಯನ್ನು ನಾವು ತಂದಿದ್ದು ಬಿಟ್ಟುಹೋದ ನಾಯಿಗಳನ್ನು ಸಾಕುವ ಒಂದು ಕಡೆಯಿಂದ. ಕಂದು ಬಣ್ಣ, ಗಿಡ್ಡ ಕಾಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಮನೆಯಲ್ಲಿ ನಮ್ಮ ಮಾತೆಲ್ಲ ಕನ್ನಡ, ಹಾಗಾಗಿ ಅವಳಿಗೂ ಕನ್ನಡವೇ. ಬಾ, ಕೂತ್ಕೋ, ಬೇಡ, ಸಾಕು. ಈ ನಾಲ್ಕು ಮಾತಿನಲ್ಲಿ ಅವಳ ಸಂಸಾರ ನಡೆಯುತ್ತದೆ.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಒಂದು ದೋಣಿ ಬಾಡಿಗೆಗೆ ಹಿಡಿದು ಹತ್ತು ದಿನಕ್ಕೆ ಹೊರಟೆವು. ನಾನು, ನಮ್ಮನೆಯವರು, ಚಿನ್ನಿ. ಲಾಂಗೊಲೆನ್ ಕಾಲುವೆ ಅಂತ ಅದರ ಹೆಸರು. ಇಂಗ್ಲೆಂಡಿನ ಚೆಷೈರ್‌ನ ಹುಲ್ಲುಗಾವಲಿನಲ್ಲಿ ಶುರುವಾಗಿ ವೇಲ್ಸ್‌ನ ಗುಡ್ಡಗಳೊಳಗೆ ಹೋಗುತ್ತದೆ. ರೆನ್‌ಬರಿ ಅನ್ನೋ ಹಳ್ಳಿಯಿಂದ ಹೊರಟು ಲಾಂಗೊಲೆನ್ ಮುಟ್ಟಿ ವಾಪಸ್ ಬರುವುದು ನಮ್ಮ ಲೆಕ್ಕ.

ದೋಣಿ ಅಂದಕೂಡಲೇ ನಿಮ್ಮ ಕಣ್ಣಿಗೆ ತೆಪ್ಪವೋ ಲಾಂಚೋ ಬರಬಹುದು. ಇದು ಬೇರೆ. ನ್ಯಾರೋಬೋಟ್ ಅನ್ನುತ್ತಾರೆ. ನಮ್ಮದು 57 ಅಡಿ ಉದ್ದ, ಅಗಲ ಬರೀ 6 ಅಡಿ 10 ಅಂಗುಲ. ರೈಲಿನ ಒಂದು ಬೋಗಿಯನ್ನು ಇನ್ನೂ ಸಣ್ಣಗೆ ಮಾಡಿ ನೀರಿಗೆ ಬಿಟ್ಟ ಹಾಗೆ. ಒಳಗೆ ಅಡುಗೆಮನೆ, ಮಲಗುವ ಜಾಗ, ಬಚ್ಚಲು ಎಲ್ಲ ಸಾಲಾಗಿ ಒಂದರ ಹಿಂದೆ ಒಂದು. ನಡೆಸುವವರು ಹಿಂದುಗಡೆ ನಿಂತು ಚುಕ್ಕಾಣಿ ಹಿಡಿಯಬೇಕು. ಚುಕ್ಕಾಣಿ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ವೇಗ ಗಂಟೆಗೆ 4 ಮೈಲಿ, ಅದಕ್ಕಿಂತ ಜಾಸ್ತಿ ಹೋಗುವ ಹಾಗಿಲ್ಲ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಇನ್ನೂ ನಿಧಾನ. ರಾತ್ರಿ ನಿಲ್ಲಿಸಬೇಕಾದರೆ ದಡದಲ್ಲಿ ಕಬ್ಬಿಣದ ಗೂಟ ಹೊಡೆದು ಹಗ್ಗ ಕಟ್ಟಬೇಕು. ಹಸು ಕಟ್ಟಿ ಗೊತ್ತಿರುವವರಿಗೆ ಅದು ಕಷ್ಟವಲ್ಲ.

ಕಾಲುವೆಯ ಒಂದು ಪಕ್ಕಕ್ಕೆ ಉದ್ದಕ್ಕೂ ಕಾಲುದಾರಿ ಇರುತ್ತದೆ. ಟೋಪಾತ್ ಅನ್ನುತ್ತಾರೆ. ಎಂಜಿನ್ ಬರುವ ಮೊದಲು ದೋಣಿ ಎಳೆಯುವ ಕುದುರೆ ನಡೆಯುತ್ತಿದ್ದ ದಾರಿ ಅದು. ಈಗ ಅಲ್ಲಿ ನಡೆಯುವವರು ಮನುಷ್ಯರು ಮತ್ತು ನಾಯಿಗಳು. ಚಿನ್ನಿಗೆ ದೋಣಿ ಬೇಜಾರಾದರೆ ನಾನು ಅವಳನ್ನು ಕರೆದುಕೊಂಡು ಇಳಿದು ಆ ದಾರಿ ಹಿಡಿಯುತ್ತಿದ್ದೆ. ನಾವು ನಡೆಯುವುದೂ ದೋಣಿ ಹೋಗುವುದೂ ಹೆಚ್ಚುಕಡಿಮೆ ಒಂದೇ ವೇಗ. ನಡುವೆ ಮೂರು ಮಾರು ನೀರು, ಆಚೆ ನಮ್ಮನೆಯವರು ಚುಕ್ಕಾಣಿ ಹಿಡಿದು ನಿಂತು ಸಂಜೆ ಅಡುಗೆಗೆ ಏನು ಅಂತ ಕೇಳೋರು.

ಇನ್ನು ಲಾಕ್. ನೆಲ ಏರುವ ಕಡೆ ಕಾಲುವೆ ನೀರು ಹೇಗೆ ಏರಬೇಕು? ಅದಕ್ಕೆ ಕಲ್ಲು, ಇಟ್ಟಿಗೆಯ ಒಂದು ಉದ್ದನೆಯ ತೊಟ್ಟಿ ಕಟ್ಟಿದ್ದಾರೆ. ಎರಡು ತುದಿಗೂ ಮರದ ಬಾಗಿಲು, ಬಾಗಿಲಲ್ಲಿ ತೂಬು. ದೋಣಿಯನ್ನು ತೊಟ್ಟಿಯೊಳಗೆ ತಂದು ಹಿಂದಿನ ಬಾಗಿಲು ಹಾಕಿ, ಮುಂದಿನ ತೂಬು ಎತ್ತಿದರೆ ಮೇಲಿನ ನೀರು ಒಳಗೆ ಬರುತ್ತದೆ, ದೋಣಿ ತಾನಾಗಿ ಮೇಲೇಳುತ್ತದೆ. ನಮ್ಮ ಕೆರೆಯ ತೂಬು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬು ಎತ್ತೋದು, ಬಾಗಿಲು ತಳ್ಳೋದು ಎಲ್ಲ ದೋಣಿಯವರದೇ ಕೆಲಸ. ವಿಂಡ್‌ಲಾಸ್ ಅನ್ನೋ ಕಬ್ಬಿಣದ ಹಿಡಿ ಹಾಕಿ ತಿರುಗಿಸಬೇಕು. ಬಾಗಿಲಿಗೆ ಉದ್ದನೆಯ ಮರದ ತೊಲೆ ಇರುತ್ತದೆ, ಬೆನ್ನು ಕೊಟ್ಟು ತಳ್ಳಬೇಕು. ಒಂದು ಲಾಕ್ ದಾಟೋಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಆ ಕಾಲುವೆಯಲ್ಲಿ ಒಟ್ಟು 21 ಲಾಕ್. ನಮ್ಮ ದಾರಿಗೆ ಬಂದಿದ್ದು 12.

ಈ ಹದಿನೈದು ಇಪ್ಪತ್ತು ನಿಮಿಷದಲ್ಲೇ ಜನ ಸಿಗುವುದು. ಎದುರಿನಿಂದ ಬಂದ ದೋಣಿಯವರು ಕಾಯುತ್ತಿರುತ್ತಾರೆ. ವಾಕಿಂಗ್ ಬಂದವರು ನಿಲ್ಲುತ್ತಾರೆ. ಸುಮ್ಮನೆ ನಿಂತು ದೋಣಿ ನೋಡುವವರಿಗೆ ಕಾಲುವೆಯವರ ಮಾತಿನಲ್ಲಿ ಒಂದು ಹೆಸರೇ ಇದೆ, ಗಾಂಗೂಸ್ಲರ್ ಅಂತ. ಅವರು ನಿಂತು ನೋಡುತ್ತಾರೆ, ಮಾತಾಡುವುದಿಲ್ಲ. ಆದರೆ ನಾಯಿ ಇದ್ದರೆ ಮಾತಾಡುತ್ತಾರೆ!

ಮೊದಲ ದಿನವೇ ಇದು ನನಗೆ ಗೊತ್ತಾಯಿತು. ಮಾರ್ಬರಿ ಲಾಕ್‌ನಲ್ಲಿ ಒಬ್ಬರು ವಯಸ್ಸಾದವರು ಬಂದು ಚಿನ್ನಿ ಮುಂದೆ ಕುಕ್ಕರಗಾಲಲ್ಲಿ ಕೂತರು. ನನ್ನ ಮುಖ ನೋಡಲೇ ಇಲ್ಲ. ಏನು ಹೆಸರು, ಎಷ್ಟು ವರ್ಷ, ಎಲ್ಲಿಂದ ತಂದಿರಿ, ಆ ಕಿವಿಗೆ ಏನಾಯಿತು. ಎಲ್ಲ ಪ್ರಶ್ನೆ ಚಿನ್ನಿ ಬಗ್ಗೆ. ಹೆಸರಿನ ಅರ್ಥ ಏನು ಅಂತ ಕೇಳಿದರು. ಚಿನ್ನ ಅಂದರೆ ಬಂಗಾರ, ಮಕ್ಕಳನ್ನು ಮುದ್ದಿಗೆ ಹಾಗೆ ಕರೆಯುತ್ತೇವೆ ಅಂದೆ. ಅದು ಯಾವ ಭಾಷೆ? ಕನ್ನಡ. ಅದನ್ನು ಎಲ್ಲಿ ಆಡುತ್ತಾರೆ? ಅಲ್ಲಿಂದ ಮಾತು ಶರಾವತಿಗೆ ಬಂತು, ಜೋಗಕ್ಕೆ ಬಂತು, ಅಡಿಕೆ ಸುಲಿಯುವುದಕ್ಕೂ ಬಂತು.

ನೀವು ಎಲ್ಲಿಯವರು ಅನ್ನೋ ಪ್ರಶ್ನೆ ಇದೆಯಲ್ಲ, ಅದನ್ನು ಆ ದೇಶದಲ್ಲಿ ನಾನು ನೂರಾರು ಸಲ ಕೇಳಿಸಿಕೊಂಡಿದ್ದೇನೆ. ಕೆಲವು ಸಲ ಅದು ನೋಯಿಸುತ್ತದೆ. ನೀನು ಇಲ್ಲಿಯವಳಲ್ಲ ಅಂತ ನೆನಪಿಸಿದ ಹಾಗಿರುತ್ತದೆ. ಆದರೆ ನಾಯಿಯ ಹೆಸರಿನಿಂದ ಹೊರಟು ಅಲ್ಲಿಗೆ ಬಂದಾಗ ಅದೇ ಪ್ರಶ್ನೆಯ ದನಿ ಬೇರೆ. ಅದು "ಯಾರ ಮನೆ ಕೂಸು ನೀನು?" ಅನ್ನುವ ಥರ ಕೇಳಿಸಿತು.

ಗ್ರಿಂಡ್ಲಿ ಬ್ರೂಕ್‌ನಲ್ಲಿ 6 ಲಾಕ್‌ಗಳಿವೆ. ಮೇಲಿನ ಮೂರು ಮೆಟ್ಟಿಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಮೇಲಿನ ಬಾಗಿಲೇ ಇನ್ನೊಂದರ ಕೆಳಗಿನ ಬಾಗಿಲು. ತೂಬು ತಪ್ಪಿ ಎತ್ತಿದರೆ ನೀರು ದಾರಿಗೆ ಉಕ್ಕುತ್ತದೆ. ಹಾಗಾಗಿ ಅಲ್ಲಿ ಸಹಾಯಕ್ಕೆ ಸ್ವಯಂಸೇವಕರು ಇರುತ್ತಾರೆ. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಕಾಲುವೆ, ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನುವ ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ನಿವೃತ್ತರಾದ ಎಷ್ಟೋ ಜನ ವಾರಕ್ಕೆರಡು ದಿನ ಬಂದು ಸಂಬಳವಿಲ್ಲದೆ ಲಾಕ್ ಕಾಯುತ್ತಾರೆ. ಅಲ್ಲಿ ಇದ್ದ ಒಬ್ಬ ಹೆಂಗಸು ನಾನು ಚಿನ್ನಿಯನ್ನು "ಬಾ, ಬಾ" ಅಂತ ಕರೆದದ್ದು ಕೇಳಿದರು. ಅವರ ಕಿವಿಗೆ ಅದು ಕುರಿ ಕೂಗಿದ ಹಾಗಿತ್ತಂತೆ. ಅರ್ಥ ಹೇಳಿದ ಮೇಲೆ ಅವರೂ ಕರೆದರು. ಚಿನ್ನಿ ಓಡಿಹೋದಳು. ಬೇರೆಯವರ ಬಾಯಲ್ಲಿ ಕನ್ನಡದ ಒಂದು ಮಾತು ಕೇಳಿ ಅವಳ ಬಾಲ ಅಲ್ಲಾಡಿದ್ದು ನೋಡಿ ನನಗೆ ಗಂಟಲು ಕಟ್ಟಿತು.

ಆ ಹೆಂಗಸಿನಿಂದಲೇ ಹಳೆಯ ದೋಣಿಯವರ ಕಥೆ ಕೇಳಿದ್ದು. 1761ರಲ್ಲಿ ವರ್ಸ್ಲಿಯ ಗಣಿಯಿಂದ ಮ್ಯಾಂಚೆಸ್ಟರ್ ಕಡೆಗೆ ಕಲ್ಲಿದ್ದಲು ತರೋಕೆ ಬ್ರಿಡ್ಜ್‌ವಾಟರ್ ಕಾಲುವೆ ತೆರೆದರು. ಊರಲ್ಲಿ ಕಲ್ಲಿದ್ದಲಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಮೇಲೆ ದೇಶವೆಲ್ಲ ಕಾಲುವೆ ತೋಡಿದರು. ನೀರಿನ ಮೇಲೆ ಒಂದು ಕುದುರೆ 25 ಟನ್ ಎಳೆಯುತ್ತಿತ್ತು. ರೈಲು ಬಂದ ಮೇಲೆ ದೋಣಿಯವರ ಕೂಲಿ ಕುಸಿಯಿತು. ದಡದ ಮನೆಗೆ ಬಾಡಿಗೆ ಕೊಡಲಾಗದೆ ಹೆಂಡತಿ ಮಕ್ಕಳನ್ನೂ ದೋಣಿಗೆ ಕರೆತಂದರು. ಸರಕಿಗೆ ದೊಡ್ಡ ಜಾಗ, ಸಂಸಾರಕ್ಕೆ ಹಿಂದುಗಡೆ ಸುಮಾರು ಹತ್ತಡಿಯ ಒಂದು ಗೂಡು. ಅದರಲ್ಲೇ ಒಲೆ, ಹಾಸಿಗೆ, ಬಾಣಂತನ. ಆ ಗೂಡಿನ ಬಾಗಿಲ ಮೇಲೆ, ನೀರಿನ ಕೊಡದ ಮೇಲೆ ಗುಲಾಬಿ ಹೂವು, ಕೋಟೆಗಳ ಚಿತ್ರ ಬರೆಯುತ್ತಿದ್ದರು. ಈಗಲೂ ದೋಣಿಗಳ ಮೇಲೆ ಅದೇ ಗುಲಾಬಿ ಕಾಣುತ್ತದೆ. ದಿನಾ ಊರು ಬದಲಾಗುವ ಆ ಮಕ್ಕಳಿಗೆ ಶಾಲೆ ಎಲ್ಲಿ? 1877ರಲ್ಲಿ ಅವರಿಗಾಗಿ ಒಂದು ಕಾನೂನು ಬಂತು, ಆದರೂ ಓದು ಬರೆಯಲು ಬಾರದೇ ಮುದುಕರಾದವರು ತುಂಬಾ ಜನ. ನೀರು ಬಂದು ಊರು ಬಿಟ್ಟ ನಮ್ಮ ಕಡೆಯವರ ನೆನಪಾಯಿತು ನನಗೆ. ಇಬ್ಬರ ಕಷ್ಟ ಒಂದೇ ಅಲ್ಲ, ಹೋಲಿಸುವುದೂ ಸರಿಯಲ್ಲ. ಆದರೂ ನೆನಪಾಯಿತು.

ಈಗ ನಾಲ್ಕನೇ ದಿನದ ವಿಷಯ. ಅದನ್ನು ಹೇಳಲೇಬೇಕು.

ವಿಕ್ಸಲ್ ಮಾಸ್ ಅಂತ ಒಂದು ಜಾಗ. ಅಲ್ಲಿ ನೆಲ ಗಟ್ಟಿಯಿಲ್ಲ, ಸಾವಿರಾರು ವರ್ಷದ ಪಾಚಿ ಕೊಳೆತು ಆದ ಜೌಗು. ಕಾಲುವೆ ಅದರ ಮಧ್ಯೆ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ. ದಡ ಕುಸಿಯುತ್ತಲೇ ಇದ್ದುದರಿಂದ ಮಣ್ಣು ತುಂಬುವುದಕ್ಕೇ ಅಂತ ಆಳುಗಳ ಒಂದು ತಂಡ ಅಲ್ಲಿ ತಲೆಮಾರುಗಟ್ಟಲೆ ಕೆಲಸ ಮಾಡಿತ್ತಂತೆ. ಸಂಜೆ ಅಲ್ಲಿ ದೋಣಿ ನಿಲ್ಲಿಸೋಣ ಅಂದುಕೊಂಡೆವು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನಮ್ಮನೆಯವರು ಹಗ್ಗ ಹಿಡಿದು ದಡಕ್ಕೆ ಹಾರಿದರು. ಅವರ ಹಿಂದೆ ಚಿನ್ನಿಯೂ ಹಾರಿದಳು. ದಡ ಸಿಗಲಿಲ್ಲ. ದೋಣಿಗೂ ದಡಕ್ಕೂ ನಡುವೆ ಬಿದ್ದಳು.

ಆ ದೋಣಿ ಹತ್ತು ಹದಿನೈದು ಟನ್ ತೂಕ. ದಡದ ಕಡೆ ಬರುತ್ತಾ ಇದೆ. ಹಿಂದುಗಡೆ ನೀರೊಳಗೆ ಪಂಕ ತಿರುಗುತ್ತಿದೆ. ನಾನು ಗೇರ್ ತೆಗೆದೆ, ಅಷ್ಟೇ ನನಗೆ ಮಾಡಲಿಕ್ಕಾಗಿದ್ದು. ಮುಂದಿನ ದೋಣಿಯಿಂದ ಒಬ್ಬರು ಓಡಿ ಬಂದರು. ದಡದ ಮೇಲೆ ಹೊಟ್ಟೆ ಮೇಲೆ ಮಲಗಿದರು. ಒಂದು ಕೈಯಿಂದ ದೋಣಿಯನ್ನು ಆಚೆ ಒತ್ತಿಹಿಡಿದು ಇನ್ನೊಂದು ಕೈ ನೀರಿಗೆ ಹಾಕಿದರು. ಚಿನ್ನಿಗೆ ತೇಲುವ ಜಾಕೆಟ್ ಹಾಕಿದ್ದೆವು. ಅದರ ಬೆನ್ನ ಮೇಲೆ ಚೀಲದ ಹಿಡಿಯಂಥ ಹಿಡಿ ಇರುತ್ತದೆ. ಆ ಹಿಡಿ ಅವರ ಕೈಗೆ ಸಿಕ್ಕಿತು. ಒಂದೇ ಸಲಕ್ಕೆ ಎತ್ತಿ ಹುಲ್ಲಿನ ಮೇಲೆ ಇಟ್ಟರು.

ನಾನು ಅಳುತ್ತಾ ನಿಂತಿದ್ದೆ. ಅವರು ಬೈಯಲಿಲ್ಲ. ಮೊದಲು ನಾಯಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿ, ಆಮೇಲೆ ಹಗ್ಗ ಹಿಡಿದು ಇಳಿಯಿರಿ, ಇಷ್ಟೇ ಹೇಳಿದರು. ಆಮೇಲೆ ಟೀ ಕುಡಿಯೋಣ ಬನ್ನಿ ಅಂದರು.

ಅವರು ಒಂಬತ್ತು ವರ್ಷದಿಂದ ಅದೇ ದೋಣಿಯಲ್ಲಿ ಒಬ್ಬರೇ ಇರುವವರು. ಮೊದಲು ಲಾರಿ ಓಡಿಸುತ್ತಿದ್ದರಂತೆ. ಹೀಗೆ ಒಂದು ಕಡೆ ಖಾಯಂ ಜಾಗ ಇಲ್ಲದೆ ದೋಣಿಯಲ್ಲೇ ಬಾಳುವವರು ಅಲ್ಲಿ ಬಹಳ ಜನ ಇದ್ದಾರೆ. 1995ರ ಒಂದು ಕಾನೂನಿನ ಪ್ರಕಾರ ಅವರು ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ಮುಂದೆ ಹೋಗುತ್ತಲೇ ಇರಬೇಕು. ಡೀಸೆಲ್, ಕಲ್ಲಿದ್ದಲು, ಅಡುಗೆ ಗ್ಯಾಸು ಮಾರುವುದಕ್ಕೆ ಬೇರೆ ದೋಣಿಗಳು ಬರುತ್ತವೆ, ನಮ್ಮಲ್ಲಿ ತರಕಾರಿ ಗಾಡಿ ಬಂದ ಹಾಗೆ. ಅವರ ದೋಣಿಯ ಮೂಲೆಯಲ್ಲಿ ಒಂದು ನಾಯಿ ಹಾಸಿಗೆ ಇತ್ತು. ನಾಯಿ ಇರಲಿಲ್ಲ. ನಾವು ಕೇಳಲಿಲ್ಲ. ಚಿನ್ನಿ ಒದ್ದೆ ಮೈಯಲ್ಲೇ ಹೋಗಿ ಅದರಲ್ಲಿ ಮಲಗಿದಳು. ಎಬ್ಬಿಸೋಕೆ ಹೋದೆ, ಅವರು ಬೇಡ ಅಂತ ಕೈ ಮಾಡಿದರು. ಮರುದಿನ ಹೊರಡುವಾಗ ತಾವಾಗೇ ಹೇಳಿದರು. ಹದಿನಾಲ್ಕು ವರ್ಷ ಜೊತೆಗಿದ್ದ ನಾಯಿ, ಹೋದ ಚಳಿಗಾಲದಲ್ಲಿ ಹೋಯಿತಂತೆ.

ನಾಯಿ ಕರೆದುಕೊಂಡು ನೀರಿಗೆ ಹೋಗುವವರು ಯಾರಾದರೂ ಇದ್ದರೆ, ಅವರಿಂದ ಕಲಿತ ಕೆಲವನ್ನು ಹೇಳಿಬಿಡುತ್ತೇನೆ. ತೇಲುವ ಜಾಕೆಟ್ ಹಗಲೆಲ್ಲ ಮೈಮೇಲಿರಲಿ, ನಾಯಿಗೆ ಈಜು ಬಂದರೂ ಸರಿ. ಕುತ್ತಿಗೆಗೆ ಹಗ್ಗ ಹಾಕಿ ದೋಣಿಗೆ ಕಟ್ಟಬೇಡಿ, ಬಿದ್ದರೆ ನೇಣಾಗುತ್ತದೆ. ಲಾಕ್‌ನಲ್ಲಿ ಒಳಗೇ ಇರಲಿ. ಬೇಸಿಗೆಯಲ್ಲಿ ನೀರಿನ ಮೇಲೆ ನೀಲಿಹಸಿರು ಕೆನೆಯಂಥ ಪಾಚಿ ಕಟ್ಟಿದರೆ ಅಲ್ಲಿ ಬಾಯಿ ಹಾಕಲು ಬಿಡಬೇಡಿ, ಅದು ನಾಯಿಗೆ ವಿಷ. ಇಲಿಜ್ವರದ ಲಸಿಕೆ ತಪ್ಪಿಸಬೇಡಿ. ಇಲಿಜ್ವರ ಅಂದರೆ ಏನು ಅಂತ ಗದ್ದೆ ಕೆಲಸ ಮಾಡುವ ನಮ್ಮ ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಚರ್ಕ್ ಹತ್ತಿರ ಕಾಲುವೆ ಒಂದು ಕಣಿವೆ ದಾಟುತ್ತದೆ. ಈಚೆ ಇಂಗ್ಲೆಂಡ್, ಆಚೆ ವೇಲ್ಸ್. ದಾಟಿದ ಕೂಡಲೇ ಕತ್ತಲ ಸುರಂಗ. ಅದಾದ ಮೇಲೆ ಬರುವುದು ಪಾಂಟ್‌ಕಸಿಲ್ತೆ, ಕಾಲುವೆಯನ್ನೇ ಹೊತ್ತು ನಿಂತ ಸೇತುವೆ. ನೆಲದಿಂದ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದದ ಕಬ್ಬಿಣದ ದೋಣಿಯಂಥ ತೊಟ್ಟಿ. ಕೆಳಗೆ ಡೀ ನದಿ. ಥಾಮಸ್ ಟೆಲ್‌ಫೋರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು, 1805ರಲ್ಲಿ ಮುಗಿಯಿತು. 2009ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಬ್ಬಿಣದ ಹಲಗೆಗಳ ಸಂದಿನಲ್ಲಿ ನೀರು ಸೋರದ ಹಾಗೆ ಸಕ್ಕರೆ ಪಾಕದಲ್ಲಿ ಕುದಿಸಿದ ಉಣ್ಣೆ ಬಟ್ಟೆ ತುಂಬಿದ್ದರಂತೆ. ನಮ್ಮಲ್ಲೂ ಸುಣ್ಣಕ್ಕೆ ಬೆಲ್ಲ ಸೇರಿಸಿ ಗಾರೆ ಅರೆಯುತ್ತಿದ್ದರಲ್ಲ! ಒಂದು ಪಕ್ಕ ಕಾಲುದಾರಿ, ಅದಕ್ಕೆ ಕಂಬಿ ಇದೆ. ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ. ತೊಟ್ಟಿಯ ಅಂಚು, ಆಮೇಲೆ ಗಾಳಿ. ಚಿನ್ನಿಯನ್ನು ಒಳಗೆ ಹಾಕಿ ಬಾಗಿಲು ಭದ್ರ ಮಾಡಿದೆವು.

ಅಲ್ಲಿ ಒಂದು ಸಲಕ್ಕೆ ಒಂದೇ ಕಡೆಯಿಂದ ಹೋಗಬಹುದು. ಎದುರಿನ ದೋಣಿಗಳು ಬರುವವರೆಗೆ ಕಾಯಬೇಕು. ಹಾಗೆ ಕಾಯುವಾಗ ದಡದಲ್ಲಿ ಒಬ್ಬ ಅಜ್ಜಿ ಸಿಕ್ಕರು. ಅವರ ಜೊತೆ ಕಪ್ಪುಬಿಳಿ ಕುರಿನಾಯಿ. ಅವರು ಅದನ್ನು ಕರೆದದ್ದು ನನ್ನ ಕಿವಿಗೆ "ಟಿರ್ಡ್ ಅಮ್ಮ" ಅಂತ ಬಿತ್ತು. ನಾಯಿಯನ್ನು ಅಮ್ಮ ಅನ್ನುತ್ತೀರಾ ಅಂತ ಕೇಳಿಬಿಟ್ಟೆ. ಅದು ವೆಲ್ಷ್ ಭಾಷೆ. ಟಿರ್ಡ್ ಅಂದರೆ ಬಾ, ಅಮ ಅಂದರೆ ಇಲ್ಲಿ. ನೀವು ನಿಮ್ಮ ನಾಯಿಗೆ ಯಾವ ಭಾಷೆ ಆಡುತ್ತೀರಿ ಅಂತ ಅವರು ಕೇಳಿದರು. ಕನ್ನಡ ಅಂದೆ. ಇಂಗ್ಲಿಷ್ ಬರುವುದಿಲ್ಲವೇ ಅದಕ್ಕೆ? ಇಲ್ಲ. ನನ್ನದಕ್ಕೂ ಇಲ್ಲ ಅಂದರು, ಬಹಳ ಹೆಮ್ಮೆಯಿಂದ.

ವೇಲ್ಸ್‌ನಲ್ಲಿ ಈಗ ವೆಲ್ಷ್ ಬರುವವರು ನೂರಕ್ಕೆ 18 ಜನಕ್ಕಿಂತ ಕಡಿಮೆ, 2021ರ ಜನಗಣತಿಯ ಲೆಕ್ಕ. ಅಜ್ಜಿಯ ಮಕ್ಕಳು ಬೇರೆ ಬೇರೆ ಊರಿನಲ್ಲಿದ್ದಾರೆ, ಮೊಮ್ಮಕ್ಕಳಿಗೆ ಭಾಷೆ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಮನೆಯೊಳಗೆ ವೆಲ್ಷ್ ಕೇಳಿಸಿಕೊಳ್ಳಲು ಇರುವುದು ಈ ನಾಯಿ ಒಂದೇ ಅಂದರು. ನನ್ನ ಮಗನೂ ಕನ್ನಡ ಅರ್ಥ ಮಾಡಿಕೊಳ್ಳುತ್ತಾನೆ, ಉತ್ತರ ಇಂಗ್ಲಿಷ್‌ನಲ್ಲಿ ಕೊಡುತ್ತಾನೆ. ಇದನ್ನು ನಾನು ನಮ್ಮ ಬೀದಿಯಲ್ಲಿ ಯಾರಿಗೂ ಹೇಳಿದ್ದಿಲ್ಲ. ಅಲ್ಲಿ ಹೇಳಿದೆ. ಅವರು ನನಗೆ ಲಾಂಗೊಲೆನ್ ಹೆಸರಿನ ಮೊದಲ ಅಕ್ಷರ ಹೇಳಿಕೊಟ್ಟರು. ನಾಲಿಗೆಯನ್ನು ಲ ಅನ್ನೋ ಜಾಗದಲ್ಲಿಟ್ಟು ಬರೀ ಗಾಳಿ ಊದಬೇಕು. ನಾನು ಅವರಿಗೆ ನಮ್ಮ ಳ ಹೇಳಿಕೊಟ್ಟೆ. "ಹೊಳೆ" ಅನ್ನಲು ನಾಲ್ಕೈದು ಸಲ ನಾಲಿಗೆ ಮಡಚಿ ನೋಡಿದರು. ಕೊನೆಗೆ ಬಂತು. ಅಷ್ಟರಲ್ಲಿ ನಮ್ಮ ಸರದಿ ಬಂದಿತ್ತು. ತೊಟ್ಟಿಯ ಮೇಲೆ ನಾವು ನಿಧಾನ ಹೋಗುತ್ತಿದ್ದರೆ ಅವರು ಪಕ್ಕದ ಕಾಲುದಾರಿಯಲ್ಲಿ ತುದಿಯವರೆಗೆ ನಡೆದು ಬಂದರು.

ಈ ಕಾಲುವೆ ಇವತ್ತು ಇರುವುದೇ ಒಂದು ಆಶ್ಚರ್ಯ. 1944ರಲ್ಲಿ ಇದನ್ನು ಮುಚ್ಚಲು ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಆದರೆ ಇದರಲ್ಲಿ ಡೀ ನದಿಯ ನೀರು ಹರಿಯುತ್ತದೆ. ಆ ನೀರು ಕೆಳಗೆ ಚೆಷೈರ್‌ನ ಜನಕ್ಕೆ ಕುಡಿಯಲು ಬೇಕಿತ್ತು. ಹಾಗಾಗಿ ಮುಚ್ಚಲಿಲ್ಲ. ಹೋಗುವಾಗ ನಾವು ಹರಿವಿಗೆ ಎದುರು, ಬರುವಾಗ ಹರಿವಿನ ಜೊತೆ. ಅದಕ್ಕೇ ವಾಪಸಾಗುವುದು ಸ್ವಲ್ಪ ಬೇಗ ಆಯಿತು. ಗ್ರಿಂಡ್ಲಿ ಬ್ರೂಕ್‌ಗೆ ಬರುವಾಗ ದೋಣಿ ಇನ್ನೂ ದೂರ ಇರುವಾಗಲೇ ಲಾಕ್ ಮೇಲಿಂದ "ಬಾ, ಚಿನ್ನಿ, ಬಾ" ಅಂತ ಕೇಳಿಸಿತು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ನೀವು ಇಲ್ಲಿಗೆ ಬಂದಿದ್ದೀರಿ, ಚಿನ್ನಿ ಯಾರ ಹತ್ತಿರ ಇದ್ದಾಳೆ ಅಂತ. ವಿಕ್ಸಲ್ ಮಾಸ್‌ನಲ್ಲಿ ಅವಳನ್ನು ನೀರಿನಿಂದ ಎತ್ತಿದವರ ದೋಣಿಯಲ್ಲಿದ್ದಾಳೆ, ಅದೇ ಮೂಲೆಯ ಹಾಸಿಗೆಯಲ್ಲಿ ಮಲಗುತ್ತಾಳೆ. ನಾವು ಊರಿಗೆ ಬರುವುದು ಗೊತ್ತಾದಾಗ ಅವರೇ ಕೇಳಿ ಕರೆದುಕೊಂಡು ಹೋದರು. ಕನ್ನಡದ ನಾಲ್ಕೂ ಮಾತನ್ನು ಒಂದು ಚೀಟಿಯಲ್ಲಿ ಬರೆದು ಚುಕ್ಕಾಣಿ ಹತ್ತಿರ ಅಂಟಿಸಿಕೊಂಡಿದ್ದಾರೆ. 14 ದಿನ ನಿನ್ನೆಗೆ ಮುಗಿಯಿತು, ಇವತ್ತು ದೋಣಿ ಬೇರೆ ಕಡೆ ಹೋಗಿರಬೇಕು. ಈಗ ಯಾವ ಊರ ಹತ್ತಿರ ಇದ್ದಾಳೆ ಅಂತ ರಾತ್ರಿ ಫೋನ್ ಮಾಡಿ ಕೇಳಬೇಕು.